ಗುರುತಿನ ಅಲೆ

ಕಸ್ತೂರಿ ಗುರುತುಗೋಲನ್ನು ಎತ್ತಿ ಹೂ ಮಾರುವ ನಿಂಗವ್ವನ ಮುಖಕ್ಕೆ ಗುರಿಯಿಟ್ಟಳು. ಲಟ್ಟಣಿಗೆಯಷ್ಟು ಉದ್ದವಿದ್ದ ಆ ಆಯುಧದೊಳಗೆ ಏನೋ ಸಣ್ಣಗೆ ಗುಂಯ್‌ಗುಟ್ಟಿತು. ಮರುಕ್ಷಣ ಟಕ್ಕೆಂದು ಕೀಲಿ ಬಿದ್ದು, ಹಿಡಿಯ ಮೇಲಿನ ದೀಪ ಹಸಿರಾಯಿತು.

“ಜೀವಂತ ಅದೀ ಬಿಡಬೇ,” ಎಂದಳು ಕಸ್ತೂರಿ.

“ನನಗೂ ಅನುಮಾನ ಇತ್ತು ನೋಡವಾ,” ಎಂದು ನಿಂಗವ್ವ ಬುಟ್ಟಿ ಇಳಿಸಿದಳು. “ಮಷೀನ್ ಹೇಳ್ತಂದ್ರ ಖರೇನ ಇರಬೇಕು. ಮಲ್ಲಿಗಿ ಮುಗದಾವ, ಸೇವಂತಿಗಿ ಕೊಡ್ಲೇನು?”

ಆ ವರ್ಷ ಶೂನ್ಯಜ್ವರ ಕರಾವಳಿಯಿಂದ ಘಟ್ಟ ಹತ್ತಿ ಬಂದಿತ್ತು. ಜ್ವರ ತಗುಲಿದವರು ಸತ್ತಂತೆ ಬಿದ್ದಿದ್ದು, ಒಂದು ಹಗಲು ಕಳೆಯುವಷ್ಟರಲ್ಲಿ ಎದ್ದು ನಡೆಯುತ್ತಿದ್ದರು. ಮಾತಿಲ್ಲ, ಹಸಿವು ನೀರಡಿಕೆಯ ಅರಿವಿಲ್ಲ. ಹತ್ತಿರ ಸಿಕ್ಕವರನ್ನು ಕಚ್ಚುತ್ತಿದ್ದರು, ಕಚ್ಚಿಸಿಕೊಂಡವರೂ ಅವರಂತೆಯೇ ಆಗುತ್ತಿದ್ದರು. ಅನ್ನ ನೀರಿಲ್ಲದ ದೇಹ ಒಂದು ವಾರದಲ್ಲಿ ತಾನಾಗಿ ಕುಸಿಯುತ್ತಿತ್ತು ನಿಜ, ಆದರೆ ಅಷ್ಟರೊಳಗೆ ಊರಿಗೆ ಊರೇ ಬರಿದಾಗುತ್ತಿತ್ತು. ಸರಕಾರದ ಪ್ರಕಟಣೆಗಳಲ್ಲಿ ಅವರ ಹೆಸರು ‘ಗತಚೇತನರು’. ಹುಬ್ಬಳ್ಳಿಯ ಓಣಿಗಳಲ್ಲಿ ಮಾತ್ರ ಮಕ್ಕಳು ಮೊದಲು ಆಡಿದ ‘ಜೋಂಬಿ’ ಎಂಬ ಮಾತೇ ದೊಡ್ಡವರ ಬಾಯಲ್ಲೂ ನಿಂತಿತ್ತು.

ರೋಗ ಮೊದಲು ಹೊಕ್ಕ ಊರುಗಳಲ್ಲಿ ಜನ ಹೆದರಿಕೆಯಲ್ಲಿ ಬದುಕಿದ್ದವರನ್ನೇ ಕೊಂದಿದ್ದರು. ಕುಡಿದು ತೂರಾಡುತ್ತಿದ್ದವರು, ಕೂಗಿದ್ದು ಕೇಳಿಸದ ಕಿವುಡರು, ಸಾಧಾರಣ ಜ್ವರದಲ್ಲಿ ಕನವರಿಸುತ್ತ ಬಾಗಿಲಿಗೆ ಬಂದವರು. ಅದನ್ನು ತಪ್ಪಿಸಲೆಂದೇ ಡಾ. ಇಂದುಮತಿ ಜಂಬಗಿ ಗುರುತುಗೋಲನ್ನು ರೂಪಿಸಿದ್ದರು. ಒಬ್ಬ ಮನುಷ್ಯ ಇನ್ನೊಬ್ಬನ ಮುಖ ನೋಡಿದಾಗ, ಅದು ಅಪರಿಚಿತ ಮುಖವೇ ಆಗಿರಲಿ, ‘ಎದುರಿಗೆ ಒಬ್ಬರಿದ್ದಾರೆ’ ಎಂದು ಮಿದುಳಿನಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. ವೈದ್ಯರು ಅದನ್ನು ಗುರುತಿನ ಅಲೆ ಎಂದು ಕರೆದರು. ಕೋಲು ಅದನ್ನು ದೂರದಿಂದಲೇ ಹಿಡಿಯುತ್ತದೆ. ಎದುರಿಗಿರುವವನಲ್ಲಿ ಅಲೆ ಇದ್ದರೆ, ಕೋಲು ಯಾರ ಕೈಯಲ್ಲಿದ್ದರೂ ಕೀಲಿ ಬೀಳುತ್ತದೆ, ಗುಂಡಿ ಒತ್ತಿದರೂ ಏನೂ ಆಗುವುದಿಲ್ಲ. ಅಲೆ ಇಲ್ಲದಿದ್ದರೆ ದೀಪ ಕೆಂಪಾಗಿ ಕೀಲಿ ತೆರೆದೇ ಇರುತ್ತದೆ, ಗುಂಡಿ ಒತ್ತಿದರೆ ಎದುರಿಗಿದ್ದವನು ಸತ್ತು ಬೀಳುತ್ತಾನೆ. ವಯಸ್ಸಿಗೆ ಬಂದವರಿಗೆಲ್ಲ ಒಂದೊಂದು ಕೋಲು ಹಂಚಿ, ಮನೆಮಂದಿಯ ಮೇಲೆ ಒಮ್ಮೆ ಪರೀಕ್ಷಿಸಿ ನೋಡಿರೆಂದು ಹೇಳಿದ್ದರು.

ಊರಾಚೆ ಎತ್ತರದ ಗೋಡೆ ಕಟ್ಟಿದ ಶಿಬಿರಕ್ಕೆ ಓಣಿ ಓಣಿಯ ಜನರನ್ನು ಬಸ್ಸಿನಲ್ಲಿ ಸಾಗಿಸುತ್ತಿದ್ದರು. ತಲೆಗೊಂದು ಚೀಲ, ತಾನೇ ಹೊರಬಲ್ಲಷ್ಟು ಭಾರ. ಕಸ್ತೂರಿಯ ಪಡಸಾಲೆಯಲ್ಲಿ ಮೂರು ಚೀಲಗಳು ಬಾಯಿ ತೆರೆದು ಕುಳಿತಿದ್ದವು. ಬ್ಯಾಟರಿ, ಹಗ್ಗ, ನೀರು ಶುದ್ಧ ಮಾಡುವ ಗುಳಿಗೆ, ಗಾಯಕ್ಕೆ ಕಟ್ಟುವ ಬಟ್ಟೆ. ಅವಳು ವಾರವಿಡೀ ಬಡಿದು ಒಣಗಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ. ಆಯುಧಕ್ಕೆಂದು ಕುಡಗೋಲು, ಕಬ್ಬಿಣದ ಹಾರೆಯ ಒಂದು ತುಂಡು. ಈಳಿಗೆಯನ್ನೂ ಬಟ್ಟೆಯಲ್ಲಿ ಸುತ್ತಿ ಇಡಹೋದಾಗ ಮಗಳು ತನುಜಾ ನಕ್ಕಿದ್ದಳು. ಜೋಂಬಿ ಬಂದರೆ ಅವನನ್ನು ಕೂಡಿಸಿಕೊಂಡು ಬದನೆಕಾಯಿಯಂತೆ ಹೆಚ್ಚುತ್ತೀಯೇನವ್ವಾ ಎಂದು ಕೇಳಿದ್ದಳು. ಮೂರನೆಯ ಚೀಲ ಗಂಡ ಮಹಾಂತಪ್ಪನದು. ರಕ್ತದೊತ್ತಡದ ಗುಳಿಗೆ, ಉಣ್ಣೆಯ ಟೊಪ್ಪಿಗೆ, ಬಿಡಿ ಕನ್ನಡಕ.

“ತನುಜಾನ ಅವ್ವ, ನನ್ನ ಚಾಳೀಸ್ ಇಟ್ಟೀ?” ಎಂದು ಅವನು ಮೊಬೈಲಿನಿಂದ ತಲೆಯೆತ್ತದೆ ಕೇಳಿದ. ಬಿಡಿ ಕನ್ನಡಕ ಇಟ್ಟಾಗಿತ್ತು. ಅವನು ಕೇಳುವುದೆಲ್ಲ ಯಾವಾಗಲೂ ಕೇಳುವ ಮೊದಲೇ ಆಗಿರುತ್ತಿತ್ತು.

“ಇಲ್ಲಿ ನೋಡ್ರಿ ಒಂಚೂರು,” ಎಂದಳು ಕಸ್ತೂರಿ.

ಅವನು ಕನ್ನಡಕ ಸರಿಮಾಡಿಕೊಂಡು ನೋಡಿದ. ಕೋಲು ಗುಂಯ್‌ಗುಟ್ಟಿತು. ಕೀಲಿ ಬೀಳಲಿಲ್ಲ. ದೀಪ ಕೆಂಪಗೆ ಉರಿಯಿತು.

ಅವಳು ಗಾಬರಿಯಿಂದ ಕೋಲನ್ನು ಕೆಳಗಿಳಿಸಿದಳು. ಮತ್ತೆ ಎತ್ತಿದಳು. ಕೆಂಪು. ತನುಜಾ ಬಂದು ಅದೇ ಕೋಲನ್ನು ಹಿಡಿದು ಅಪ್ಪನೆದುರು ನಿಂತಾಗ ಟಕ್ಕೆಂದು ಹಸಿರಾಯಿತು. ಮಹಾಂತಪ್ಪ ತನ್ನ ಕೋಲನ್ನು ಹೆಂಡತಿಯತ್ತ ಹಿಡಿದಾಗಲೂ ಹಸಿರೇ. ಅವನೆದುರು ಅವಳು ನಿಂತರೆ ಮಾತ್ರ ಕೆಂಪು. ಪಕ್ಕದ ಮನೆಯಾಕೆ ಬಾಗಿಲ ಕಬ್ಬಿಣದ ಜಾಲರಿಯಿಂದಲೇ ಇಣುಕಿ, ಗಂಡನ ಹೆಸರು ಹಿಡಿದು ಕರೆಯಬೇಕಂತೆ, ಆಗ ಅಲೆ ಏಳುತ್ತದಂತೆ ಎಂದಳು. ಅಲ್ಲಿಯವರೆಗೆ ಆ ಹೆಸರನ್ನು ಬಾಯಲ್ಲಿ ಆಡದಿದ್ದ ಕಸ್ತೂರಿ ನೆಲ ನೋಡುತ್ತ “ಮಹಾಂತಪ್ಪ” ಎಂದಳು. ಅವನು ಹೊಟ್ಟೆ ಹಿಡಿದು ನಕ್ಕ. ದೀಪ ಕೆಂಪಾಗಿಯೇ ಇತ್ತು.

“ಪೀಸ್ ಕೆಟ್ಟೈತಿ,” ಎಂದು ಅವನು ಮೊಬೈಲಿಗೆ ಮರಳಿದ.

ಮರುದಿನ ಕಸ್ತೂರಿ ಕೋಲನ್ನು ಸೆರಗಿನಡಿ ಹಿಡಿದುಕೊಂಡು ಶಾಲೆಯೊಂದರಲ್ಲಿ ತೆರೆದಿದ್ದ ಕೇಂದ್ರಕ್ಕೆ ಹೋದಳು. ಅಲ್ಲಿ ಸಾಲು ಅಂಗಳದವರೆಗೆ ಬಂದಿತ್ತು. ಸಾಲಿನಲ್ಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಎಲ್ಲರೂ ತಮ್ಮ ಕೋಲು ಕೆಟ್ಟಿದೆಯೆಂದೇ ಬಂದವರು. ಯಾರೂ ಏನು ಕೆಟ್ಟಿದೆಯೆಂದು ಪಕ್ಕದವರಿಗೆ ಹೇಳುತ್ತಿರಲಿಲ್ಲ.

ಡಾ. ಇಂದುಮತಿ ನಿದ್ದೆಗೆಟ್ಟ ಮುಖದಲ್ಲಿ ಕೋಲನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು.

“ಕೆಟ್ಟಿಲ್ರೀ ಅಕ್ಕಾ. ನಿಮ್ಮ ಮನಿಯವರು ನಿಮ್ಮನ್ನ ನೋಡಿದಾಗ ಅವರ ಮಿದುಳಿನ್ಯಾಗ ಅಲೆ ಏಳವಲ್ದು.”

“ಕಣ್ಣು ಛಲೋ ಅದಾವ್ರಿ ಅವರ್ವು. ಚಾಳೀಸೂ ಹಾಕ್ಕೊಂಡಿದ್ರು.”

“ಕಣ್ಣಿನ ಮಾತಲ್ರೀ. ರೂಢಿ ಅಂತ ಇರ್ತೈತಿ. ನಿಮ್ಮ ಮನಿ ಗ್ವಾಡಿ ನೀವು ದಿನಾ ನೋಡ್ತೀರಿ. ಅದನ್ನ ನೋಡೀನಿ ಅಂತ ನಿಮಗ ಯಾವತ್ತರ ಅನಿಸೈತೇನು?”

ಕಸ್ತೂರಿ ಕೋಲನ್ನು ಮತ್ತೆ ಸೆರಗಿನಡಿ ಸೇರಿಸಿದಳು. “ನಾ ಗ್ವಾಡಿ ಏನ್ರಿ?” ಎಂದು ಕೇಳಿದಳು.

ವೈದ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ತಾವು ಪರೀಕ್ಷೆಗಳನ್ನೆಲ್ಲ ಪ್ರಯೋಗಾಲಯದಲ್ಲಿ ಮಾಡಿದ್ದಾಗಿಯೂ, ಅಲ್ಲಿ ಎದುರುಬದುರು ಕೂತವರೆಲ್ಲ ಒಬ್ಬರಿಗೊಬ್ಬರು ಹೊಸಬರಾಗಿದ್ದರೆಂದೂ, ಸಂಸಾರದೊಳಗೆ ಇದು ಹೀಗಾದೀತೆಂದು ಹೊಳೆದಿರಲಿಲ್ಲವೆಂದೂ ಹೇಳಿದರು. ಮನೆಯವರತ್ತ ಕೋಲನ್ನು ಎತ್ತಬೇಡಿ, ಉಳಿದಂತೆ ಅದು ಸರಿಯಾಗಿ ಕೆಲಸ ಮಾಡುತ್ತದೆ ಎಂದರು.

“ನಿಮ್ಮ ಮನ್ಯಾಗ ಹಿಡದ ನೋಡೀರೇನ್ರಿ?”

“ಇಲ್ಲ,” ಎಂದರು ಇಂದುಮತಿ. “ಧೈರ್ಯ ಆಗಿಲ್ಲ.”

ಕಸ್ತೂರಿ ನಡೆದೇ ಮನೆಗೆ ಬಂದಳು. ದಾರಿಯಲ್ಲಿ ಎದುರಾದ ಸೈಕಲ್ ಸವಾರ, ಬೀಗ ಹಾಕುತ್ತಿದ್ದ ಅಂಗಡಿಯವ, ಯಾರ ಮುಖಕ್ಕೆ ಹಿಡಿದರೂ ಕೋಲು ಟಕ್ಕೆನ್ನುತ್ತಿತ್ತು. ದಾರಿಹೋಕರ ಕಣ್ಣಿಗೆಲ್ಲ ಅವಳು ಕಾಣುತ್ತಿದ್ದಳು. ಮಹಾಂತಪ್ಪ ಕೆಟ್ಟವನಾಗಿರಲಿಲ್ಲ. ಕುಡಿದವನಲ್ಲ, ಕೈ ಎತ್ತಿದವನಲ್ಲ. ಹಿಟ್ಟಿನ ಗಿರಣಿಯಿಂದ ಬಂದು, ಕೈಕಾಲು ತೊಳೆದು, ತಟ್ಟೆ ನೋಡುತ್ತ ಉಂಡು ಏಳುತ್ತಿದ್ದ. ಬಡಿಸುವ ಕೈ ಪಕ್ಕದಿಂದ ಬರುತ್ತಿತ್ತು, ಪಕ್ಕದಿಂದಲೇ ಹೋಗುತ್ತಿತ್ತು. ಒಮ್ಮೆ ಟೈಫಾಯ್ಡಿನಲ್ಲಿ ಅವಳ ಕೂದಲೆಲ್ಲ ಉದುರಿದಾಗ ಅದು ಅವನಿಗೆ ತಿಳಿದದ್ದು ನೆಂಟರು ಬಂದು ಮರುಗಿದ ಮೇಲೆ. ಇದನ್ನು ದೂರೆಂದು ಹೇಳಿಕೊಳ್ಳಲು ಅವಳಿಗೆ ಎಂದೂ ಬಾಯಿ ಬಂದಿರಲಿಲ್ಲ. ಹೊಡೆಸಿಕೊಂಡವರು ಹೇಳಿಕೊಳ್ಳಬಹುದು, ಕಾಣದೆ ಉಳಿದವಳು ಏನನ್ನು ತೋರಿಸಬೇಕು? ಈಗ ಒಂದು ಯಂತ್ರ ಅದನ್ನು ಕೆಂಪು ದೀಪದಲ್ಲಿ ತೋರಿಸಿತ್ತು, ಮಗಳ ಎದುರಿಗೇ.

ಕೇಂದ್ರದವರು ಏನೆಂದರು ಎಂದು ಗಂಡ ಕೇಳಿದಾಗ ಅವಳು ನಿಜ ಹೇಳಲಿಲ್ಲ. ಸಾಲು ದೊಡ್ಡದಿತ್ತು ಎಂದಷ್ಟೇ ಹೇಳಿದಳು. ತಾನು ಹೇಳಿದರೆ ಅವನು ಮತ್ತೆ ನಗುತ್ತಾನೆ, ಆ ವೈದ್ಯರ ಬಾಯಿಂದಲೇ ಕೇಳಲಿ ಎಂಬ ಆಸೆ ಅವಳ ಎದೆಯಲ್ಲಿ ಮುಳ್ಳಿನಂತೆ ನಿಂತಿತ್ತು.

“ಹೆಂಗಸರಿಗೆ ಸಾಲಿನ್ಯಾಗ ನಿಂದ್ರೂದು ಗೊತ್ತಾಗಂಗಿಲ್ಲ. ತಾ ಇಲ್ಲೆ, ನಾ ಬದಲಿ ಮಾಡಿಸ್ಕೊಂಡ ಬರ್ತೀನಿ,” ಎಂದು ಮಹಾಂತಪ್ಪ ಅವಳ ಕೋಲನ್ನು ತೆಗೆದುಕೊಂಡ. ತನ್ನದನ್ನು ಚೀಲಗಳ ಪಕ್ಕ ಇಟ್ಟ. “ನಂದು ಛಲೋ ಐತಿ. ನಿಮ್ಮ ಕಡೆ ಇರ್ಲಿ.”

ಅದು ಕಾಳಜಿಯ ಮಾತು. ಅದನ್ನು ಅವನು ಚೀಲಗಳಿಗೆ ಹೇಳಿದ. ಕಸ್ತೂರಿ ತಡೆಯಲಿಲ್ಲ.

ಮಧ್ಯಾಹ್ನ ಮಹಾಂತಪ್ಪನ ಗಿರಣಿಯ ಹಮಾಲ ದ್ಯಾಮಣ್ಣ ಓಡುತ್ತ ಬಂದು ಜಾಲರಿ ಹಿಡಿದು ಅತ್ತ. ಮಾರುಕಟ್ಟೆಯ ಕೂಡುರಸ್ತೆಗೆ ಗತಚೇತನರು ಗುಂಪಾಗಿ ನುಗ್ಗಿದ್ದರು. ಜೊತೆಗಿದ್ದವರೆಲ್ಲ ಕೋಲು ಎತ್ತಿದರು, ಸಾವಕಾರರು ಮಾತ್ರ ಎತ್ತಲಿಲ್ಲ. ಎತ್ರಿ ಎಂದು ತಾನು ಕೂಗಿದರೆ, ಇದು ಕೆಟ್ಟಿದ್ದು ಎಂದು ಹೇಳಿ ಅದರಿಂದ ಬಡಿಗೆಯಂತೆ ಬಡಿಯಲು ಹೋದರು. ಒಬ್ಬ ಅವರ ತೋಳು ಕಚ್ಚಿದ.

ಮರುದಿನ ಮಧ್ಯಾಹ್ನ ಅವರ ಓಣಿಗೆ ಕೊನೆಯ ಬಸ್ಸು ಬಂತು. ತನುಜಾ ಅತ್ತು ಊದಿದ ಮುಖದಲ್ಲಿ ಎರಡು ಚೀಲಗಳನ್ನು ಬಸ್ಸಿಗೆ ಒಯ್ದಳು. ಕಸ್ತೂರಿ ಮೂರನೆಯ ಚೀಲದ ಮುಂದೆ ಕುಳಿತೇ ಇದ್ದಳು. ಅದನ್ನು ಒಯ್ಯುವುದೋ ಬಿಡುವುದೋ ಅವಳಿಗೆ ತಿಳಿಯಲಿಲ್ಲ. ಒಂದು ಮಾತು ಹೇಳಿದ್ದರೆ ಅವನು ಹೋಗುತ್ತಿರಲಿಲ್ಲ. ಹೋದರೂ ಕೋಲನ್ನು ನಂಬಿ ಎತ್ತುತ್ತಿದ್ದ.

ಜಾಲರಿ ಅಲುಗಿತು. ಹೊರಗೆ ಮಹಾಂತಪ್ಪ ನಿಂತಿದ್ದ. ಅಂಗಿಯ ತೋಳು ರಕ್ತದಲ್ಲಿ ಒಣಗಿ ಸೆಟೆದಿತ್ತು, ಕನ್ನಡಕವಿರಲಿಲ್ಲ. ಅವಳ ಕೈ ತಾನಾಗಿ ಅವನು ಇಟ್ಟುಹೋಗಿದ್ದ ಕೋಲನ್ನು ಎತ್ತಿತು. ಅದು ಗುಂಯ್‌ಗುಟ್ಟಿತು.

ಟಕ್ಕೆಂದು ಕೀಲಿ ಬಿತ್ತು. ಹಸಿರು.

ಅವಳು ಇನ್ನೊಮ್ಮೆ ಹಿಡಿದಳು. ಹಸಿರು. ಎಡಕ್ಕೆ ಸರಿದಳು, ಅವನ ಕಣ್ಣುಗಳು ಎಡಕ್ಕೆ ಬಂದವು. ಬಲಕ್ಕೆ ಸರಿದಳು, ಬಲಕ್ಕೆ ಬಂದವು. ಅವನು ಅವಳ ಹಣೆಯನ್ನು, ಮೂಗನ್ನು, ನರೆತ ಬೈತಲೆಯನ್ನು ಒಂದೊಂದಾಗಿ ನೋಡುತ್ತಿದ್ದ, ಹೊಸ ಊರಿಗೆ ಬಂದಿಳಿದವನು ನೋಡುವಂತೆ.

ಬಸ್ಸಿನ ಕಾವಲಿಗಿದ್ದ ಪೊಲೀಸ್ ಹೆಣ್ಣುಮಗಳು ಓಡಿಬಂದು ಪಕ್ಕದಿಂದ ಕೋಲು ಎತ್ತಿದಳು. ಅವಳದೂ ಹಸಿರಾಯಿತು. “ಇಲ್ಲೂ ಇದ ಹಣೇಬರ,” ಎಂದು ಗೊಣಗಿ ಇಂದುಮತಿಯವರಿಗೆ ಫೋನು ಹಚ್ಚಿ, ದನಿ ಹೊರಗೆ ಕೇಳುವಂತೆ ಹಿಡಿದಳು. ಬೆಳಗಿನಿಂದ ಎಲ್ಲ ಓಣಿಗಳಿಂದ ಇದೇ ಸುದ್ದಿ ಬರುತ್ತಿದೆ ಎಂದರು ಅವರು. ಶೂನ್ಯಜ್ವರ ಮಿದುಳಿನಲ್ಲಿ ಮೊದಲು ಸುಡುವುದು ರೂಢಿಯ ಭಾಗವನ್ನು. ಹೊರಗಿನವರ ಮುಖ ಈ ರೋಗಿಗಳಲ್ಲಿ ಅಲೆ ಎಬ್ಬಿಸುವುದೇ ಇಲ್ಲ, ಹಾಗಾಗಿ ಬೀದಿಯಲ್ಲಿ ಕೋಲು ಕೆಲಸ ಮಾಡುತ್ತದೆ. ಆದರೆ ರೂಢಿ ಸುಟ್ಟ ಮೇಲೆ ಅದರಡಿಯಲ್ಲಿ ಉಳಿದಿದ್ದ ಒಂದೆರಡು ಮುಖಗಳು ಮೇಲೆ ಬರುತ್ತವೆ. ಅವನ್ನೇ ಹುಡುಕಿಕೊಂಡು ಅವರು ಮನೆಗೆ ನಡೆಯುತ್ತಾರೆ.

“ನನ್ನ ಗುರುತು ಹತ್ತೈತೇನ್ರಿ ಅವರಿಗೆ?” ಕಸ್ತೂರಿ ಕೇಳಿದಳು.

“ಅಲೆ ಐತ್ರಿ ಅಕ್ಕಾ. ಅದರಾಚೆ ನನಗ ಗೊತ್ತಿಲ್ಲ.”

“ಹತ್ರ ಹೋದ್ರ ಕಡೀತಾರೇನು?”

“ಕಡೀತಾರ.” ಆ ದನಿ ಮುಂದುವರಿಸಿತು, “ನೀವು ಒಳಗ ಹೋಗ್ರಿ. ನೀವು ಕಾಣದಿದ್ರ ಅಲೆ ಬಂದ್ ಆಗ್ತೈತಿ. ಉಳದದ್ದು ಪೊಲೀಸರು ನೋಡ್ಕೋತಾರ.”

ಕಾವಲಿನವಳು ಕೋಲು ಹಿಡಿದು ಕಾಯುತ್ತಿದ್ದಳು. ಕಸ್ತೂರಿ ಒಂದು ಹೆಜ್ಜೆ ಹಿಂದಿಟ್ಟು ಕಂಬದ ಮರೆಗೆ ಬಂದಳು. ಹಸಿರು ಆರಿ ಕೆಂಪಾಯಿತು. ಅವಳು ಥಟ್ಟನೆ ಮುಂದೆ ಬಂದಳು. ಟಕ್. ಹಾಗೆ ಬಂದದ್ದರಲ್ಲಿ ದುಃಖವೆಷ್ಟು ಸಿಟ್ಟೆಷ್ಟು ಎಂದು ಅವಳಿಗೇ ತಿಳಿಯಲಿಲ್ಲ.

“ಈಗ ನೋಡ್ತೀರಿ,” ಎಂದಳು ಗಂಡನಿಗೆ. “ಇಷ್ಟ ದಿನ ಬಿಟ್ಟ ಈಗ ನೋಡ್ತೀರಿ.”

ತನುಜಾ ಬಂದಿದ್ದಳು. ಕಾವಲಿನವಳ ಹಿಂದೆ ನಿಂತು ಅಪ್ಪನನ್ನೂ ಅವ್ವನ ಕಾಲುಗಳು ನಿಂತ ಜಾಗವನ್ನೂ ನೋಡಿ ಅವ್ವ ಅಲ್ಲಿಂದ ಕದಲುವುದಿಲ್ಲವೆಂದು ಅವಳಿಗೆ ಅರ್ಥವಾಯಿತು.

“ಜೀವಂತ ಇದ್ದಾಗ ಒಂದ ದಿನ ನಿನ್ನ ಮಾರಿ ನೋಡಲಿಲ್ಲ ಅಪ್ಪ. ಈಗ ಅಂವಗಾಗಿ ಸಾಯ್ತೀಯೇನವ್ವಾ?”

“ಅವರಿಗಾಗಿ ಅಲ್ಲವಾ.”

“ಮತ್ತ?”

ಕಸ್ತೂರಿ ಜಾಲರಿಯ ಚಿಲಕ ತೋರಿಸಿದಳು. ಜಾಲರಿ ಗಟ್ಟಿಯಾಗಿದೆ, ಮನೆಯಲ್ಲಿ ನೀರಿದೆ, ತಿನ್ನುವುದೂ ಇದೆ ಎಂದಳು. ಇದು ಮುಗಿದ ಮೇಲೆ ತಾನೇ ನಡೆದು ಶಿಬಿರಕ್ಕೆ ಬರುತ್ತೇನೆ ಎಂದಳು. ಆ ದೇಹ ಕುಸಿಯಲು ವಾರ ಸಾಕೆಂದು ಇಬ್ಬರಿಗೂ ಗೊತ್ತಿತ್ತು. ಮಗಳು ಜಾಲರಿಯ ಹತ್ತಿರ ಬರುವಂತಿರಲಿಲ್ಲ. ದೂರದಿಂದಲೇ ನಿಂತು ಅತ್ತಳು. ಕಾವಲಿನವಳು ಅವಳ ರಟ್ಟೆ ಹಿಡಿದು ಕರೆದೊಯ್ದಳು. ಹೋಗುವಾಗ ತಿರುಗಿ, “ಅಕ್ಕಾ, ಮಕ್ಕೊಂಡಾಗ ಜಾಲರಿಗೆ ಹತ್ರ ಮಕ್ಕೋಬ್ಯಾಡ್ರಿ,” ಎಂದಳು.

ಗತಚೇತನರನ್ನು ಊರಿನಿಂದ ಅಳಿಸುವ ಲೆಕ್ಕಾಚಾರದಲ್ಲಿ ಸರಕಾರ ಎಲ್ಲವನ್ನೂ ಎಣಿಸಿತ್ತು, ಇದೊಂದನ್ನು ಬಿಟ್ಟು. ಆ ದಿನ ಹುಬ್ಬಳ್ಳಿಯಿಂದ ಹೊರಟ ಬಸ್ಸುಗಳು ಅರ್ಧ ಖಾಲಿಯಾಗಿಯೇ ಹೋದವು. ಓಣಿ ಓಣಿಯ ಜಾಲರಿಗಳ ಹಿಂದೆ, ಕಿಟಕಿಗಳ ಹಿಂದೆ ಹೆಂಗಸರು ಕುಳಿತಿದ್ದರು, ಹೊರಗೆ ನಿಂತ ತಮ್ಮವರಿಗೆ ತಾವು ಕಾಣುವಂಥ ಜಾಗ ನೋಡಿಕೊಂಡು.

ಕಸ್ತೂರಿ ಮಣೆ ತಂದು ಜಾಲರಿಯಿಂದ ಕೈಗೆ ಸಿಗದಷ್ಟು ದೂರದಲ್ಲಿ ಹಾಕಿಕೊಂಡು ಕುಳಿತಳು. ಬಸ್ಸಿನ ಸದ್ದು ದೂರವಾಯಿತು. ಇಳಿಬಿಸಿಲು ಮಹಾಂತಪ್ಪನ ಮುಖಕ್ಕೆ ನೇರವಾಗಿ ಬೀಳುತ್ತಿತ್ತು. ಅವನಿಗೆ ಕಣ್ಣು ಕಿರಿದು ಮಾಡಿಕೊಳ್ಳಲೂ ತಿಳಿಯುತ್ತಿರಲಿಲ್ಲ. ಅವಳು ಎದ್ದು ಮಣೆಯನ್ನು ನೆರಳಿನ ಕಡೆಗೆ ಎಳೆದಳು. ಅವನ ಮುಖವೂ ಬಿಸಿಲಿನಿಂದ ಆಚೆ ತಿರುಗಿತು.