ಬೀಳದ ಏಟಿಗೆ ಎತ್ತಿದ ಕೈ

ಠಣ್!

ಮೊದಲ ಏಟು ಸಂಯುಕ್ತಾಳ ತಲೆಗೇ ಬಿತ್ತು. ಕಬ್ಬಿಣದ ಜಾಲರಿಯ ಮಾಸ್ಕು ಇತ್ತು ನಿಜ, ಆದರೂ ಹಲ್ಲುಗಳು ಕಟಕಟ ಅಂದವು. ಎಡಗಡೆಯಿಂದ, ಮೇಲಿಂದ ಬಂದ ಏಟು... ಅದೇ ದಿಕ್ಕು!

ಎದುರಿಗಿದ್ದ ಕಪ್ಪು ಜಾಕೆಟ್ಟಿನ ಮನುಷ್ಯ ಅವಳಿಗೆ ಕಾಣಲೇ ಇಲ್ಲ. ಅಲ್ಲಿ ಬೇರೆ ಯಾರೋ ನಿಂತಿದ್ದ ಹಾಗಾಯಿತು.

"ಹಾಲ್ಟ್!" ರೆಫರಿ ಕೂಗಿದ.

ಯಾರಿಗೆ ಕೇಳಿಸುತ್ತೆ? ಅವಳು ಕತ್ತಿ ಬೀಸಿದಳು. ಭುಜಕ್ಕೆ ಒಂದು. ಪಕ್ಕೆಗೆ ಒಂದು. ಮೂರನೆಯದು ಗ್ಲೌಸಿಗೂ ಮೊಣಕೈಗೂ ನಡುವೆ, ರಕ್ಷಣೆ ಇಲ್ಲದ ಜಾಗಕ್ಕೇ!

"ಅಯ್ಯಯ್ಯೋ! ಅಮ್ಮಾ... ಸತ್ತೆ!"

ಕಪ್ಪು ಜಾಕೆಟ್ಟು ಹುಲ್ಲಿನ ಮೇಲೆ ಕುಕ್ಕರಿಸಿಬಿಟ್ಟಿತು. ಸಂಯುಕ್ತಾಳ ಕೈಯಿಂದ ಕತ್ತಿ ಜಾರಿ ಬಿತ್ತು.

ಕನ್ನಡ! ಇಲ್ಲಿ, ಈ ಊರಲ್ಲಿ?

ಜರ್ಮನಿಯ ಹಳ್ಳಿಗಾಡಲ್ಲಿ, ವೆರಾ ನದಿಯ ದಡದಲ್ಲಿ, ಕ್ರೋನ್‌ಬ್ರುಕ್ ಅನ್ನೋ ಅಂಗೈಯಗಲದ ಊರು. ಕಲ್ಲಿನ ಹಳೇ ಸೇತುವೆ, ಮರದ ತೊಲೆಗಳು ಹೊರಗೇ ಕಾಣುವ ವಾಲಿದ ಮನೆಗಳು, ಕೋಟೆಗೋಡೆ. ಜೂನ್ ಬಂತೆಂದರೆ ಗೋಡೆಯ ಕೆಳಗಿನ ಬಯಲಲ್ಲಿ ಮೂರು ದಿನ ಕತ್ತಿವರಸೆ ಪಂದ್ಯ. ಹಳೇ ಕಾಲದ ಉದ್ದ ಕತ್ತಿ, ಎರಡೂ ಕೈಯಲ್ಲಿ ಹಿಡಿಯೋದು. ಅಂಚು ಮೊಂಡು, ಆದರೆ ಉಕ್ಕು ಉಕ್ಕೇ ಅಲ್ವಾ? ಚರ್ಮ ಕೊಯ್ಯಲ್ಲ, ಮೂಳೆ ಬಿಡಲ್ಲ.

ಅವಳು ಮಾಸ್ಕು ಕಿತ್ತುಹಾಕಿ ಓಡಿ ಬಂದಳು. "ನೀವು... ಕನ್ನಡದವರಾ?"

ಅವನೂ ಮಾಸ್ಕು ತೆಗೆದ. ಬೆವರಿಗೆ ಅಂಟಿದ ಕೂದಲು, ನೋವಿಗೆ ನೀರು ತುಂಬಿದ ಕಣ್ಣು. "ಇಂಥ ಏಟು ಬಿದ್ರೆ ಎಲ್ಲಾರೂ ಮಾತೃಭಾಷೆಗೇ ಬರ್ತಾರೆ ಕಣ್ರೀ. ಹಾಲ್ಟ್ ಅಂದ್ಮೇಲೆ ಮೂರು ಏಟು!"

"ಸಾರಿ... ನಿಜವಾಗ್ಲೂ ಸಾರಿ. ನಂಗೆ ಕೇಳಿಸ್ಲಿಲ್ಲ."

"ಇಡೀ ಊರಿಗೇ ಕೇಳಿಸ್ತು!"

ಇವನೇ ನಮ್ಮ ಹೀರೋ. ಹೆಸರು ತಿರುಮಲೇಶ. ನಗಬೇಡಿ! ಆರ್ಯನ್, ವಿಹಾನ್ ಅಂತ ಇದ್ರೆ ಮಾತ್ರ ಪ್ರೀತಿ ಮಾಡಬೇಕು ಅಂತ ಎಲ್ಲಿ ಬರೆದಿದೆ? ಮೂವತ್ತಾರು ವರ್ಷ, ಮೈಸೂರು ಕಡೆಯವನು. ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಚಿಪ್ ಕಂಪನಿಯೊಂದರ ಎಂಜಿನಿಯರು. ಇವಳು ಅಲ್ಲೇ ಹತ್ತಿರದ ಬೆರ್ರಿಯೆಸಾದ ಒಂದು ಫಾರ್ಮಸಿಯಲ್ಲಿ ಕೆಲಸ ಮಾಡೋಳು. ಟ್ರಾಫಿಕ್ ಇಲ್ಲದಿದ್ದರೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಾಲು ಗಂಟೆ. ಭೇಟಿ ಆಗೋಕೆ ಸಮುದ್ರ ದಾಟಿ ಬಂದು ಬಡಿದಾಡಿಕೊಳ್ಳಬೇಕಾಯ್ತು!

ಆ ಪಂದ್ಯ ಅವಳ ಕೈತಪ್ಪಿತು. ತಪ್ಪು ಅವಳದೇ, ರೆಫರಿ ಅವನಿಗೆ ಗೆಲುವು ಕೊಟ್ಟ. ಅವನ ಮುಂಗೈ ನೀಲಿಗಟ್ಟಿ ಊದಿತ್ತು. ಆದರೂ ಸಂಜೆ ಸೇತುವೆಯ ಮೇಲೆ ಐಸ್‌ಕ್ರೀಮು ತಂದು ಅವಳ ಮುಂದೆ ಹಿಡಿದವನು ಅವನೇ.

"ಯಾರ ಮೇಲಿನ ಕೋಪ ಅದು?" ಮೆಲ್ಲಗೆ ಕೇಳಿದ. "ನನ್ನ ಮೇಲಂತೂ ಅಲ್ಲ. ನಂಗೆ ಗೊತ್ತಾಯ್ತು."

ಅವಳು ಕೆಳಗೆ ಹರಿಯುವ ನೀರನ್ನೇ ನೋಡುತ್ತಿದ್ದಳು. ಯಾರಿಗೂ ಹೇಳಿದವಳಲ್ಲ. ಇವತ್ತು ಯಾಕೋ ಹೇಳಿಬಿಟ್ಟಳು.

"ನನ್ನ ಗಂಡ... ಆಗಿದ್ದವನು. ಅಜಯ್. ನಾಲ್ಕು ವರ್ಷ ಹೊಡೆದ. ಕಾರಣ ಬೇಕಿರ್ಲಿಲ್ಲ. ಆಫೀಸಲ್ಲಿ ಮೀಟಿಂಗು ಕೆಟ್ಟರೆ ಸಾಕು, ಬಲಗೈ ಎತ್ತಿದ್ರೆ ನನ್ನ ಎಡಗೆನ್ನೆ. ಕೊನೇ ದಿನ ಗ್ಯಾರೇಜಿನ ಬಾಗಿಲಿಗೆ ತಲೆ ಗುದ್ದಿಸಿದ. ದವಡೆ ಮುರೀತು. ಬಾಯ್ತುಂಬ ರಕ್ತ. ಪೊಲೀಸ್ನೋರ ಮುಂದೆ ಏನಂದ ಗೊತ್ತಾ? 'ನಾನೆಲ್ಲಿ ಹೊಡೆದೆ? ಅವಳೇ ಬಿದ್ಲು' ಅಂದ!"

ತಿರುಮಲೇಶನ ಕೈಯಲ್ಲಿ ಐಸ್‌ಕ್ರೀಮು ಕರಗಿ ಸುರಿಯುತ್ತಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಸ್ಯಾನ್ ರಮೋನಲ್ಲಿರೋ ನಮ್ಮಕ್ಕ ಬಂದು ಕರ್ಕೊಂಡು ಹೋದ್ಲು. ಡೈವೋರ್ಸ್ ಆಯ್ತು. ಆಮೇಲೆ ಈ ಕತ್ತಿ ಕ್ಲಬ್ಬಿಗೆ ಸೇರಿದೆ. ಯಾಕೆ ಗೊತ್ತಾ? ಇಲ್ಲಿ ಎರಡೇ ರೂಲ್ಸು. ನಿಲ್ಸು ಅಂದ್ರೆ ನಿಲ್ಲಿಸಬೇಕು. ಏಟು ಬಿದ್ರೆ, ಬಿದ್ದೋರೇ ಕೈ ಎತ್ತಿ 'ಬಿತ್ತು' ಅನ್ನಬೇಕು, ರೆಫರಿ ನೋಡಿರ್ಲಿ, ಬಿಡ್ಲಿ. ಬಿದ್ದ ಏಟನ್ನ ಬಿತ್ತು ಅಂತ ಒಪ್ಕೊಳ್ಳೋ ಜಾಗ ನಾನು ಜನ್ಮದಲ್ಲಿ ನೋಡಿರ್ಲಿಲ್ಲ ಕಣ್ರೀ..."

ಅವಳು ತನ್ನ ಎಡಗೆನ್ನೆ ಮುಟ್ಟಿಕೊಂಡಳು. "ಆದ್ರೆ ಎಡಗಡೆ ಮೇಲಿಂದ ಏಟು ಬಂದ್ರೆ ಇವತ್ತಿಗೂ ಕಲ್ಲಾಗ್ತೀನಿ. ಇಲ್ಲಾ, ಇವತ್ತಿನ ಹಾಗೆ ಹುಚ್ಚಿ ಆಗ್ತೀನಿ. ಒಂದೇ ಒಂದು ಸಲ, ಗಂಡಸಿನ ಎದುರು ನಿಂತು ನ್ಯಾಯವಾಗಿ ಗೆದ್ರೆ ಸಾಕು. ಅಜಯ್ ನನ್ನೊಳಗಿಂದ ಹೋದ ಅಂತ ನಂಬ್ತೀನಿ."

ಅವನು ಕರಗಿದ ಐಸ್‌ಕ್ರೀಮನ್ನು ಸೇತುವೆಯ ಕಟ್ಟೆಯ ಮೇಲಿಟ್ಟ. ಆಮೇಲೆ ಅವನು ಹೇಳಿದ. "ನಂದು ಉಲ್ಟಾ ಕಥೆ. ನಂಗೆ ಯಾರಿಗೂ ಇಲ್ಲ ಅನ್ನಕ್ಕೆ ಬರಲ್ಲ. ನನ್ನ ಹೆಂಡತಿ ಬಿಟ್ಟುಹೋಗೋವಾಗ ಅಂದ್ಲು, 'ನೀನು ಎಲ್ಲದಕ್ಕೂ ಸರಿ ಅಂತೀಯ, ನಿನ್ನೊಳಗೆ ಯಾರಾದ್ರೂ ಇದ್ದಾರಾ?' ಅಂತ."

"ಇದ್ದಾರಾ?"

"ಹುಡುಕ್ತಾ ಇದ್ದೀನಿ."

ಸಂಯುಕ್ತಾಗೆ ನಗು ಬಂತು. ಎಷ್ಟೋ ವರ್ಷದ ಮೇಲೆ ಒಬ್ಬ ಗಂಡಸಿನ ಪಕ್ಕ ಭಯವಿಲ್ಲದೆ ನಿಂತಿದ್ದಳು. 'ಇವನ ಜೊತೆ ಮಾತಾಡಿದ್ರೆ ಎದೆ ಹಗುರ ಆಗುತ್ತಲ್ಲ... ಯಾಕೆ?' ಯಾಕೆ ಅಂತ ನಮಗೆ ಗೊತ್ತು. ಅವಳಿಗೆ ಗೊತ್ತಾಗೋಕೆ ಇನ್ನೂ ಟೈಮಿದೆ.

ಎರಡನೇ ದಿನ ಇಬ್ಬರೂ ಬೇರೆ ಬೇರೆಯವರ ಜೊತೆ ಹೊಡೆದಾಡಿದರು. ಅವಳು ಒಬ್ಬ ಪೋಲಿಷ್ ಹುಡುಗಿಯ ಬೆರಳಿಗೆ ಸರಿಯಾಗಿ ಕೊಟ್ಟಳು, ತಾನೂ ತೊಡೆಗೆ ತಿಂದಳು. ಅವನ ಮೂಗಿಂದ ರಕ್ತ ಸೋರಿತು. ಸಂಜೆ ಪಟ್ಟಿ ಹಾಕಿದರು: ಮೂರನೇ ಸ್ಥಾನದ ಪಂದ್ಯ, ಸಂಯುಕ್ತಾ ಮತ್ತು ತಿರುಮಲೇಶ.

ಮೂರನೇ ದಿನ ಬೆಳಿಗ್ಗೆ, ಬೇಕರಿ ಮುಂದೆ ಕಾಫಿ ಕುಡಿಯುತ್ತಿದ್ದ ತಿರುಮಲೇಶನ ಎದುರು ಒಬ್ಬ ಹೆಂಗಸು ಬಂದು ಕೂತಳು. ಸಂಯುಕ್ತಾಳ ಅಕ್ಕ ಆರತಿ. ತಂಗಿ ಒಬ್ಬಳನ್ನೇ ಕಳಿಸೋಕೆ ಮನಸ್ಸಾಗದೆ ಸ್ಯಾನ್ ರಮೋನಿಂದ ರಜೆ ಹಾಕಿ ಜೊತೆಗೇ ಬಂದಿದ್ದಳು.

"ಒಂದು ಉಪಕಾರ ಮಾಡಿ. ಇವತ್ತು ಸೋತುಬಿಡಿ."

"ಅಯ್ಯೋ... ಮೇಡಂ, ಅದು ಹೇಗೆ..."

"ರಕ್ತ ಕಾರ್ತಿದ್ದ ತಂಗೀನ ಕಾರಿಗೆ ಎತ್ತಿ ಹಾಕ್ಕೊಂಡಿದ್ದು ನಾನು! ಒಂದು ಸಲ ಗೆದ್ರೆ ಅವಳು ಬದುಕ್ಕೋತಾಳೆ. ನಿಮಗೇನು ಹೋಗುತ್ತೆ? ನಿಮ್ಮ ಕಾಲಿಗೆ ಬೀಳ್ಲಾ?"

ಆರತಿ ಕಣ್ಣೀರು ಹಾಕಿದಳು. ತಿರುಮಲೇಶ ಒದ್ದಾಡಿದ. ಇಲ್ಲ ಅನ್ನೋಕೆ ಬಾಯಿ ತೆರೆದ. ಬಾಯಿಂದ ಬಂದಿದ್ದು, "ಸರಿ... ನೋಡ್ತೀನಿ."

ಥೂ ನಿನ್ನ!

ಮಧ್ಯಾಹ್ನದ ಬಿಸಿಲು. ಬಯಲಿನ ಸುತ್ತ ಊರಿನ ಜನ. ಐದು ಪಾಯಿಂಟಿನ ಆಟ. ಮೊದಲು ಅವನಿಗೆ ಎರಡು. ಆಮೇಲೆ ಅವಳು ಅವನ ಮಾಸ್ಕಿಗೆ ಎರಡು ಸಲ ಅಪ್ಪಳಿಸಿದಳು. ಉಕ್ಕಿಗೆ ಉಕ್ಕು ತಾಗಿ ಕಿಡಿ ಹಾರಿತು. ಮೂರಕ್ಕೆ ಮೂರು. ನಾಲ್ಕಕ್ಕೆ ನಾಲ್ಕು!

ಆದರೆ ಒಂದು ವಿಚಿತ್ರ. ಎಡಗಡೆ ಮೇಲಿಂದ ಅವನು ಒಂದು ಸಲವೂ ಹೊಡೆಯಲಿಲ್ಲ. ಅವಳು ಅದನ್ನು ಗಮನಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಕೊನೆಯ ಪಾಯಿಂಟು. ಅವಳು ಕೂಗುತ್ತಾ ನುಗ್ಗಿ ಕತ್ತಿ ಇಳಿಸಿದಳು. ಕತ್ತಿ ಅವನ ಭುಜದ ಪಕ್ಕದಲ್ಲಿ, ಬೆರಳಗಲ ದೂರದಲ್ಲಿ, ಸುಂಯ್ ಅಂತ ಹಾದುಹೋಯಿತು. ತಾಗಿತೋ ಇಲ್ಲವೋ ರೆಫರಿಗೆ ಕಾಣಲಿಲ್ಲ. ಎಲ್ಲರೂ ತಿರುಮಲೇಶನ ಕಡೆ ತಿರುಗಿದರು.

ಅವನು ಕೈ ಎತ್ತಿದ. "ಬಿತ್ತು."

ಬಯಲೇ ಕೂಗಿತು! ಸಂಯುಕ್ತಾ ಮಾಸ್ಕು ಎಸೆದು ಕುಣಿದಳು, ಅತ್ತಳು, ಓಡಿಬಂದು ಅವನನ್ನು ತಬ್ಬಿಕೊಂಡಳು. "ಗೆದ್ದೆ ಕಣ್ರೀ! ನಾನು ಗೆದ್ದೆ!"

ಅವನ ತೋಳು ಮೇಲೇಳಲಿಲ್ಲ. ಕಣ್ಣು ನೆಲ ನೋಡುತ್ತಿತ್ತು.

ಅವಳ ನಗು ಮೆಲ್ಲಗೆ ಆರಿತು. ಕತ್ತಿ ತಾಗಿದರೆ ಅಂಗೈಗೆ ತಿಳಿಯುತ್ತೆ. ಅವಳ ಅಂಗೈಗೆ ಏನೂ ತಿಳಿದಿರಲಿಲ್ಲ.

"ನಿಜ ಹೇಳಿ. ಬಿತ್ತಾ?"

"ಬಿ... ಬಿತ್ತು."

ಅಷ್ಟರಲ್ಲಿ ಆರತಿ ಓಡಿಬಂದಳು. "ತುಂಬಾ ಥ್ಯಾಂಕ್ಸ್ ತಿರುಮಲೇಶ್! ನಾನು ಕೇಳ್ಕೊಂಡೆ ಅಂತ ನೀವು..." ತಂಗಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು.

ಚಟಾರ್!

ತಿರುಮಲೇಶನ ಕೆನ್ನೆ ಮೇಲೆ ಐದೂ ಬೆರಳು ಮೂಡಿದವು.

"ಅವನು ಬಿದ್ದ ಏಟನ್ನ ಬಿದ್ದಿಲ್ಲ ಅಂದ. ನೀವು ಬೀಳದ ಏಟನ್ನ ಬಿತ್ತು ಅಂದ್ರಿ. ಏನ್ರೀ ವ್ಯತ್ಯಾಸ? ನಂಗೇನಾಯ್ತು ಅಂತ ನೀವುಗಳೇ ಹೇಳ್ತೀರಾ? ನಾನು ಯಾವಾಗ ಹೇಳ್ಲಿ?"

"ಸಂಯುಕ್ತಾ, ನಾನು..."

"ಮಾತಾಡಬೇಡಿ! ನಿಮಗೆ ನನ್ನ ಕಥೆ ಎಲ್ಲಾ ಹೇಳಿದ್ದೆನಲ್ಲಾ... ನಿಮ್ಮೊಬ್ಬರಿಗೇ ಹೇಳಿದ್ದೆ."

ಅಳುತ್ತಲೇ ಅವಳು ತೀರ್ಪುಗಾರರ ಮೇಜಿಗೆ ಹೋದಳು. ಏಟು ಬಿದ್ದಿಲ್ಲ, ಈ ಗೆಲುವು ನನ್ನದಲ್ಲ ಅಂದಳು. ಕಂಚಿನ ಪದಕ ಬೇಡ ಅಂತ ಹೇಳಿ ಹೊರಟುಬಿಟ್ಟಳು. ಆ ಪದಕ ತಿರುಮಲೇಶನೂ ಮುಟ್ಟಲಿಲ್ಲ.

ಬೆರ್ರಿಯೆಸಾಗೆ ವಾಪಸ್ ಬಂದ ಮೇಲೆ ಅಕ್ಕನ ಜೊತೆ ಮೂರು ವಾರ ಮಾತು ಬಿಟ್ಟಳು. ನಾಲ್ಕನೇ ವಾರ ಆರತಿ ಬಾಗಿಲಲ್ಲಿ ನಿಂತು, "ನಿನ್ನ ಬದುಕು ನಿಂದು, ನಾನು ಅದನ್ನ ಮರೆತೆ ಕಣೇ" ಅಂತ ಅತ್ತಾಗ ಒಳಗೆ ಕರೆದಳು. ಅಕ್ಕ ಅಲ್ವಾ, ಎಷ್ಟು ದಿನ ಅಂತ ಹೊರಗೆ ನಿಲ್ಲಿಸೋದು?

ತಿರುಮಲೇಶ ಒಂದೇ ಒಂದು ಮೆಸೇಜು ಕಳಿಸಿದ್ದ. 'ಬೀಳಲಿಲ್ಲ. ಸುಳ್ಳು ಹೇಳಿದೆ. ತಪ್ಪು ನನ್ನದು, ನಿಮ್ಮಕ್ಕನದಲ್ಲ. ಇಲ್ಲ ಅನ್ನಬೇಕಿತ್ತು, ಧೈರ್ಯ ಸಾಲಲಿಲ್ಲ. ನೀವು ಬರೀರಿ ಅಂದ್ರೆ ಮಾತ್ರ ಮತ್ತೆ ಬರೀತೀನಿ.'

ಆಮೇಲೆ ನಿಜವಾಗಿಯೂ ಬರೆಯಲಿಲ್ಲ. ಪಾಪಿ!

ಅವಳು ಕೆಲಸದ ನಡುವೆ, ಟ್ರೈನಿನಲ್ಲಿ, ಅಡುಗೆ ಮಾಡುತ್ತಾ ಅದನ್ನೇ ಓದಿದಳು. 'ಯಾಕೆ ಓದ್ತೀಯೇ? ಡಿಲೀಟ್ ಮಾಡು!' ಅಂತ ತನ್ನನ್ನೇ ಬೈದುಕೊಂಡಳು. ಕೋಪದ ಅಡಿಯಲ್ಲಿ ಇದ್ದಿದ್ದು ನೋವು, ನೋವಿನ ಅಡಿಯಲ್ಲಿ ಇದ್ದಿದ್ದು ಅವನು. ಎರಡು ತಿಂಗಳಾದ ಮೇಲೆ ಉತ್ತರ ಬರೆದಳು.

'ಶನಿವಾರ ಬೆಳಿಗ್ಗೆ ಹತ್ತಕ್ಕೆ, ಬೆರ್ರಿಯೆಸಾದಲ್ಲಿ ನಮ್ಮ ಕ್ಲಬ್ಬು. ಕತ್ತಿ ತನ್ನಿ.'

ಅವನು ಒಂಬತ್ತೂವರೆಗೇ ಬಂದು ನಿಂತಿದ್ದ. ಹಳೇ ಗೋದಾಮಿನ ಸಿಮೆಂಟು ನೆಲ. ಅವರಿಬ್ಬರೇ.

"ರೆಫರಿ ಇಲ್ಲ," ಅಂದಳು. "ಐದು ಪಾಯಿಂಟು. ಎಡಗಡೆ ಮೇಲಿಂದ ಹೊಡೀಬೇಕು. ಹೊಡೀತೀರಾ?"

ಅವನು ಮಾಸ್ಕು ಹಾಕಿಕೊಂಡ. "ಹೊಡೀತೀನಿ."

ಠಣ್! ಮೊದಲ ಏಟೇ ಅಲ್ಲಿಗೆ. ಸಂಯುಕ್ತಾ ಕಲ್ಲಾದಳು. ಗ್ಯಾರೇಜು, ಬಾಗಿಲು, ರಕ್ತದ ರುಚಿ... ಕೈ ಎತ್ತಿದಳು. "ಬಿತ್ತು."

ಅವನು ಸಾರಿ ಅನ್ನಲಿಲ್ಲ. ಕಾದ. ಅವಳು ತಲೆಯಾಡಿಸಿದ ಮೇಲೆ ಮತ್ತೆ ಹೊಡೆದ. ಕುತ್ತಿಗೆಯ ಬುಡಕ್ಕೆ. ಅವಳ ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. ಮೂರನೆಯದಕ್ಕೆ ಅವನು ಪೂರ್ತಿ ಬಲ ಹಾಕಿ ಕತ್ತಿ ಬೀಸಿದ್ದ, ಆಗಲೇ ಅವಳು ಕಿರುಚಿದಳು.

"ಹಾಲ್ಟ್!"

ಕತ್ತಿ ಅವಳ ತಲೆಯ ಮೇಲೆ ಗೇಣು ದೂರದಲ್ಲಿ ನಿಂತಿತು! ಅಷ್ಟು ವೇಗವನ್ನು ತಡೆಯಲು ಹೋಗಿ ಅವನ ಭುಜ ಉಳುಕಿತು, ಮಂಡಿ ನೆಲಕ್ಕೆ ಬಡಿಯಿತು. ಆದರೂ ಕತ್ತಿ ಇಳಿಯಲಿಲ್ಲ.

ಅವಳು ಆ ಕತ್ತಿಯನ್ನೇ ನೋಡಿದಳು. ನಾಲ್ಕು ವರ್ಷ 'ನಿಲ್ಸು, ನಿಲ್ಸು' ಅಂತ ಬೇಡಿಕೊಂಡಿದ್ದಳು... ಒಂದು ದಿನವೂ ನಿಂತಿರಲಿಲ್ಲ.

"ಏಳಿ. ಮತ್ತೆ ಶುರು."

ಮತ್ತೆ ಎಡಗಡೆ ಮೇಲಿಂದ ಬಂತು. ಈ ಸಲ ಅವಳು ಕಲ್ಲಾಗಲಿಲ್ಲ, ಹುಚ್ಚಿಯೂ ಆಗಲಿಲ್ಲ. ಒಂದು ಹೆಜ್ಜೆ ಮುಂದೆ ಇಟ್ಟು, ಏಟನ್ನು ಕತ್ತಿಯಲ್ಲೇ ಹಿಡಿದು, ತಿರುಗಿಸಿ ಅವನ ಪಕ್ಕೆಗೆ ಬಾರಿಸಿದಳು!

"ಬಿತ್ತು! ಅಪ್ಪಾ... ಚೆನ್ನಾಗೇ ಬಿತ್ತು!"

ಆಮೇಲೆ ಇಬ್ಬರಿಗೂ ಮೈಮೇಲೆ ಪರಿವೆ ಇರಲಿಲ್ಲ. ಹೊಡೆದರು, ತಿಂದರು, ಜಾರಿಬಿದ್ದರು. ನಾಲ್ಕಕ್ಕೆ ನಾಲ್ಕು. ಕೊನೆಯ ಏಟು ಇಬ್ಬರದೂ ಒಟ್ಟಿಗೆ ಹೋಯಿತು. ಅವನ ಕತ್ತಿಯ ತುದಿ ಅವಳ ಎದೆಗೆ ಗುದ್ದಿತು. ಅವಳದು ಅವನ ಭುಜದ ಕಡೆ.

"ಬಿತ್ತು," ಅಂದಳು ಅವಳು, ಕೈ ಎತ್ತಿ. "ನಂದೂ ಬಿತ್ತಲ್ವಾ?"

ಅವನು ಮಾಸ್ಕು ತೆಗೆದ. ಅವಳ ಕಣ್ಣನ್ನೇ ನೋಡಿದ. ಕೈ ಎತ್ತಿಬಿಟ್ಟರೆ ಮುಗಿಯುತ್ತೆ, ಅವಳು ನಗ್ತಾಳೆ, ಎಲ್ಲಾ ಸರಿ ಹೋಗುತ್ತೆ...

"ಇಲ್ಲ," ಅಂದ. "ಬಿದ್ದಿಲ್ಲ."

"ಬಿತ್ತು ಕಣ್ರೀ!"

"ಇಲ್ಲ ಸಂಯುಕ್ತಾ. ಪಕ್ಕದಲ್ಲೇ ಹೋಯ್ತು. ನೀವು ಸೋತ್ರಿ."

ಸಂಯುಕ್ತಾ ಕತ್ತಿ ಕೆಳಗಿಟ್ಟು ನೆಲದ ಮೇಲೆ ಕೂತು, ಒಡೆದ ತುಟಿಯಲ್ಲೇ ನಕ್ಕಳು. ಆಮೇಲೆ ಅತ್ತಳು. ಸೋತಿದ್ದಕ್ಕೆ ಇಷ್ಟು ಖುಷಿ ಆಗುತ್ತಾ? ಅಜಯ್ ಆ ಗೋದಾಮಿನಲ್ಲಿ ಎಲ್ಲೂ ಇರಲಿಲ್ಲ.

ಅವನು ಪಕ್ಕದಲ್ಲಿ ಕೂತು, ಐಸ್ ಪ್ಯಾಕು ಅವಳ ಕೈಗೆ ಕೊಟ್ಟ.

"ನಾನು ಒಂದು ಹೇಳ್ಬೇಕು. ಯಾರೂ ಹೇಳು ಅಂದಿಲ್ಲ, ನಾನೇ ಹೇಳ್ತಿದ್ದೀನಿ. ನೀವಂದ್ರೆ ನಂಗೆ ಪ್ರಾಣ. ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ."

ಅವಳ ಎದೆ ಢವಢವ ಅಂದಿತು. ಐಸ್ ಪ್ಯಾಕು ತುಟಿಗೆ ಒತ್ತಿಕೊಂಡಳು.

"ಮದುವೆ ಅಂದ್ರೆ ನಂಗಿನ್ನೂ ಭಯ. ಈಗ್ಲೇ ಬೇಡ."

"ಸರಿ."

"ಅದೇನು ಅಷ್ಟು ಬೇಗ ಸರಿ ಅಂದ್ರಿ? ಬೇಜಾರಾಗ್ಲಿಲ್ವಾ?"

ಅವನು ಯೋಚಿಸಿದ. ಕಣ್ಣು ತುಂಬಿಕೊಂಡಿತು. "ಆಯ್ತು. ತುಂಬಾ ಬೇಜಾರಾಯ್ತು."

ಸಂಯುಕ್ತಾ ಗ್ಲೌಸು ತೆಗೆದು ಅವನ ಬೆವರಿದ ಕೈ ಹಿಡಿದಳು. "ನೀನಂದ್ರೆ ನಂಗೂ ಇಷ್ಟ ಕಣೋ. ಕಾಯ್ತೀಯಾ?"

"ಕಾಯ್ತೀನಿ. ಆದ್ರೆ ಆಗಾಗ ಕೇಳ್ತಾ ಇರ್ತೀನಿ."

"ಕೇಳು," ಅಂದಳು, ಅವನ ಉಳುಕದ ಭುಜ ಯಾವುದು ಅಂತ ನೋಡಿ ಅದಕ್ಕೆ ತಲೆ ಆನಿಸುತ್ತಾ. "ಕೇಳದೇ ಇದ್ರೇನೇ ನಂಗೆ ಕೋಪ ಬರೋದು."