ಹಳಿ ಹೂತ ಬೀದಿ

"ನನ್ನ ರಸ್ತೆ ಅಗೆದವರು ಯಾರು?"

ಪುಟಾಣಿ ಮಾದರಿ ರೈಲುಗಳನ್ನು ಓಡಿಸುವ ಕ್ಲಬ್ಬಿನ ಬಾಗಿಲಲ್ಲೇ ಅವಳ ದನಿ ಏರಿತು. ಉದ್ದನೆಯ ಮೇಜಿನ ಮೇಲೆ ಅಂಗೈಯಗಲದ ಕಾರ್ಖಾನೆಗಳು, ಗೋದಾಮುಗಳು. ಅವುಗಳ ನಡುವೆ ಅವಳು ತಿಂಗಳುಗಟ್ಟಲೆ ಕೂತು ಮಾಡಿದ ಬೀದಿ. ಹಳಿಗಳು ರಸ್ತೆಯಲ್ಲೇ ಹೂತು, ಲಾರಿಯೂ ರೈಲೂ ಒಂದೇ ನೆಲದ ಮೇಲೆ ಓಡುವಂಥ ಬೀದಿ. ಈಗ ನೋಡಿದರೆ ಹಳಿಯ ಪಕ್ಕದ ಪ್ಲಾಸ್ಟರನ್ನು ಯಾರೋ ಇಲಿ ಕಡಿದ ಹಾಗೆ ಕೆರೆದು ಹಾಕಿದ್ದರು. ಕೋಪ ಬರದೆ ಇನ್ನೇನು ಬರುತ್ತದೆ, ನೀವೇ ಹೇಳಿ.

ಮೇಜಿನ ಕೆಳಗಿಂದ ಕ್ಲಬ್ಬಿನ ವೈರಿಂಗ್ ನೋಡಿಕೊಳ್ಳುವವನು ತಲೆ ಹೊರಹಾಕಿದ. ಕೈಯಲ್ಲಿ ಚಾಕು.

"ನಾನೇ..."

'ಬೇರೆ ಯಾರೇ ಆಗಿದ್ದರೂ ಸಹಿಸ್ತಿದ್ದೆ. ಇವನಾ?' ಅವನಿರುತ್ತಾನೆಂದೇ ದಿನವೂ ಆಫೀಸು ಮುಗಿದದ್ದೇ ತಡ ಇಲ್ಲಿಗೆ ಓಡಿ ಬರುತ್ತಿದ್ದವಳು ಅವಳು.

"ಯಾರನ್ನ ಕೇಳಿ ಮಾಡಿದ್ರಿ?"

"ಹಳಿಯ ಒಳಬದಿಗೆ ಚಕ್ರದ ಅಂಚು ಇಳಿಯೋಕೆ ಸಂದು ಬೇಕು. ನೀವು ಅದನ್ನೂ ಮುಚ್ಚಿಬಿಟ್ಟಿದ್ರಿ. ಇಂಜಿನ್ ಹಳಿ ತಪ್ತಿತ್ತು."

ಅವಳ ಮುಖ ಕೆಂಪಾಯಿತು. ಚೆಂದ ಕಾಣಲೆಂದು ಸಂದನ್ನೂ ತುಂಬಿ ನುಣ್ಣಗೆ ಸವರಿದ್ದು ತಾನೇ.

"ಇದು ನಿಮಗೆ ಯಾವಾಗಿಂದ ಗೊತ್ತು?"

"ಹೋದ ವಾರದಿಂದ. ಇವತ್ತು ರೈಲು ಓಡದಿದ್ರೆ ನಿಮ್ಮ ಬೀದೀನೇ ಕಿತ್ತು ಹಾಕ್ತೀನಿ ಅಂದ್ರು ಅಧ್ಯಕ್ಷರು. ನಿಮಗೆ ನೋವಾಗಬಾರದು ಅಂತ ನಾನೇ..."

"ನೋವಾಗಬಾರದು ಅಂತ ನನ್ನನ್ನ ದಡ್ಡಿ ಮಾಡಿದ್ರಿ. ವಾರವಿಡೀ ನನ್ನ ಜೊತೆ ಕಾಫಿ ಕುಡಿದ್ರಿ, ಚೆನ್ನಾಗಿದೆ ಅಂದ್ರಿ... ಇದೊಂದು ಮಾತು ಹೇಳೋಕೆ ಬಾಯಿ ಬರಲಿಲ್ವಾ? ತಪ್ಪು ನಂದು, ತಿದ್ದೋಳೂ ನಾನೇ. ಕೊಡಿ ಇಲ್ಲಿ ಚಾಕು."

ಅವನು ತೆಪ್ಪಗೆ ಕೊಟ್ಟ.

ರಸ್ತೆಯ ಮುರುಕು ಅಂಚುಗಳಿಗೆ ಅವಳು ಹೊಸ ಪ್ಲಾಸ್ಟರ್ ಮೆತ್ತಿದಳು. ಅದು ಹಸಿಯಿರುವಾಗಲೇ ಹಳೆಯದೊಂದು ವ್ಯಾಗನ್ನನ್ನು ಹಳಿಯುದ್ದಕ್ಕೂ ಉರುಳಿಸಿದಳು. ಚಕ್ರವೇ ತನಗೆ ಬೇಕಾದ ಸಂದು ಕೊರೆದುಕೊಂಡಿತು.

"ಎಂಥಾ ಉಪಾಯ..." ಎಂದ ಅವನು.

"ಮಾತು ಬೇಡ. ದೀಪ ಹಿಡೀರಿ."

ಪ್ಲಾಸ್ಟರ್ ಒಣಗುವ ಹೊತ್ತಿಗೆ ಅಧ್ಯಕ್ಷರು ಬಂದು ಕೈಕಟ್ಟಿ ನಿಂತರು. ಇಂಜಿನ್ ಗೋದಾಮಿನ ತಿರುವಿನಲ್ಲಿ ಒಮ್ಮೆ ಓಲಾಡಿತು. ಮರುಗಳಿಗೆಯೇ ಅದು ಬೀದಿಯುದ್ದಕ್ಕೂ ಸಲೀಸಾಗಿ ಸಾಗಿತು.

ಅಧ್ಯಕ್ಷರು ಅವನ ಬೆನ್ನು ತಟ್ಟಿದರು. "ನೀನು ಕೈ ಹಾಕಿದ್ದಕ್ಕೆ ಬೀದಿ ಉಳೀತಪ್ಪ. ಹೆಂಗಸರ ಕೆಲಸ ನೋಡೋಕಷ್ಟೇ ಚೆಂದ."

ಅವಳಿಗೆ ಮೈಯೆಲ್ಲ ಉರಿಯಿತು. 'ಈಗಲೂ ಸುಮ್ಮನಿರ್ತಾನಾ?'

"ಇಲ್ಲ ಸಾರ್," ಎಂದ ಅವನು. "ನಾನು ಕೈ ಹಾಕಿ ಕೆಡಿಸಿದ್ದೆ. ಸರಿಮಾಡಿದ್ದು ಇವರು. ಆ ಮಾತು ವಾಪಸ್ ತಗೊಳ್ಳಿ."

ಅಧ್ಯಕ್ಷರು ಕೆಮ್ಮಿದರು. "ಆಯ್ತು, ತಗೊಂಡೆ. ಬೀದಿ ಇರಲಿ," ಎನ್ನುತ್ತ ಹೊರನಡೆದರು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಇನ್ನೊಂದು ಬಚ್ಚಿಟ್ಟಿದ್ದೀನಿ," ಎಂದ ಅವನು, ನೆಲ ನೋಡುತ್ತ. "ನನಗೆ ನೀವಂದ್ರೆ ತುಂಬಾ ಇಷ್ಟ."

"ಅದನ್ನಾದ್ರೂ ಮೊದಲೇ ಹೇಳಬಹುದಿತ್ತಲ್ಲ..."

"ಬೈತೀರಿ ಅಂದ್ಕೊಂಡೆ."

"ಬೈತೀನಿ. ಬಚ್ಚಿಟ್ಟಾಗೆಲ್ಲ ಬೈತೀನಿ. ಬೈಸ್ಕೊಂಡು ಜೊತೆಗಿರ್ತೀರಾ?"

"ಇರ್ತೀನಿ."