ಒಂದು ಮೊಳ ಮೇಲೆ

1957ನೇ ಇಸವಿ ನವೆಂಬರ್ 18, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ಸುಂಕದಕಟ್ಟೆಯ ಮುನಿರಾಜು ಕೆಂಗೇರಿ ಠಾಣೆಯ ಅಂಗಳದಲ್ಲಿ ಸೈಕಲ್ಲನ್ನು ಬೀಳಲು ಬಿಟ್ಟು ಒಳಗೆ ನುಗ್ಗಿದ.

"ನಮ್ಮಕ್ಕನ್ನ ನಮ್ಮ ಭಾವ ಕೋವೀಲಿ ಹೊಡ್ದು ಸಾಯಿಸ್ಬಿಟ್ಟ ಸ್ವಾಮಿ," ಎಂದವನೇ ಬಾಗಿಲ ಬಳಿ ಕುಸಿದು ಕೂತ.

ದಫೇದಾರ ಉಗ್ರಪ್ಪ ನೀರು ಕುಡಿಸಿದ. ಇನ್ಸ್‌ಪೆಕ್ಟರ್ ಕರಿಬಸಪ್ಪ ದೂರು ಬರೆಸಿಕೊಂಡರು. ಅಕ್ಕನ ಹೆಸರು ಮುನಿತಾಯಮ್ಮ. ಭಾವ ಕೆಂಚಪ್ಪ ಉಲ್ಲಾಳದ ವೆಂಕಟಲಕ್ಷ್ಮಮ್ಮನವರ ಹೊಲದ ಕಾವಲುಗಾರ. ಎರಡು ತಿಂಗಳ ಹಿಂದೆ ಅವನು ಕುಡಿದು ಕೈ ಮಾಡಿದನೆಂದು ಅಕ್ಕ ತಮ್ಮನ ಮನೆಗೆ ಬಂದುಬಿಟ್ಟಿದ್ದಳು. ಈ ದಿನ ಇನ್ನೂ ಮಬ್ಬಿರುವಾಗಲೇ ಹೇಳದೆ ಕೇಳದೆ ಎದ್ದು ಹೋದವಳು ಉಲ್ಲಾಳದ ಹೊಲದಲ್ಲಿ ಹೆಣವಾಗಿದ್ದಳು.

"ಕೊಲ್ತೀನಿ ಅಂತ ಯಾವತ್ತಾದ್ರೂ ಅಂದಿದ್ನಾ?"

"ಸಂತೇಲಿ ನಾಲ್ಕು ಜನದ ಮುಂದೆ ಅಂದಿದ್ದ. ಸಿಕ್ಕಿದ್ರೆ ಕಾಲು ಮುರೀತೀನಿ ಅಂದಿದ್ದ."

"ಕಾಲು ಮುರಿಯೋದು ಬೇರೆ, ಕೊಲ್ಲೋದು ಬೇರೆ."

"ಸತ್ತೋಳು ನಮ್ಮಕ್ಕ ಸ್ವಾಮಿ. ನಂಗೆ ಎರಡೂ ಒಂದೇ."

ಕರಿಬಸಪ್ಪನವರು ಕೊಲೆಯೆಂದು ಕಲಂ 302ರಡಿ ಎಫ್.ಐ.ಆರ್. ಬರೆದು ಜೀಪು ಹತ್ತಿದರು.

ಉಲ್ಲಾಳದ ಗೆಣಸಿನ ಹೊಲದಲ್ಲಿ ಊರೇ ಸೇರಿತ್ತು. ಬದುವಿನ ಆಚೆ ಕೆಂಚಪ್ಪ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನ ಬೆರಳುಗಳನ್ನು ಉಗ್ರಪ್ಪ ಒಂದೊಂದಾಗಿ ಬಿಡಿಸಬೇಕಾಯಿತು. ಕೋವಿಯ ಚರೆಗಳು ಅವಳ ಕುತ್ತಿಗೆಗೂ ಕೆನ್ನೆಗೂ ತಗುಲಿದ್ದವು.

"ಏನಾಯ್ತು ಹೇಳು."

"ಗೆಣಸಿಗೆ ಹಂದಿ ಬಿದ್ದಿತ್ತು ಸ್ವಾಮಿ. ಹೊಟ್ಟೆಗೆ ಗುರಿ ಇಟ್ಟೆ. ಹಂದಿ ಓಡೋಯ್ತು. ಆಚೆ ಇವಳು ಕೂಗಿದ್ದು ಕೇಳ್ತು."

"ಇವಳು ಬರ್ತಾಳೆ ಅಂತ ಗೊತ್ತಿತ್ತಾ?"

ಕೆಂಚಪ್ಪ ಇಲ್ಲವೆಂದು ತಲೆಯಾಡಿಸಿದ.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕೆಂಚಪ್ಪ ಈಡು ಹೊಡೆದ ಕಾವಲು ಗುಡಿಸಲಿನಿಂದ ಬದುವಿಗೆ ನಲವತ್ತು ಹೆಜ್ಜೆಗಿಂತ ಸ್ವಲ್ಪ ಹೆಚ್ಚು. ಬದು ಮೊಣಕಾಲೆತ್ತರ. ಕುಕ್ಕರಗಾಲಲ್ಲಿ ಕೂತ ಹೆಂಗಸಿನ ತಲೆ, ಹೆಗಲು ಮಾತ್ರ ಅದರ ಮೇಲೆ ಕಾಣುತ್ತವೆ. ಬದುವಿನ ಮಣ್ಣಿನಲ್ಲಿ ಒಂದು ಚರೆಯೂ ಸಿಗಲಿಲ್ಲ. ಆದರೆ ಬದುವಿನ ಈಚೆ, ಕಿತ್ತ ಬಳ್ಳಿಗಳ ನಡುವೆ, ಹಂದಿಯ ಗೊರಸಿನ ಗುರುತು ಹಸಿಯಾಗಿಯೇ ಇತ್ತು. ಹೆಣದ ಪಕ್ಕದಲ್ಲಿ ಒಂದು ಬಟ್ಟೆಗಂಟು: ಎರಡು ಸೀರೆ, ಬಾಚಣಿಗೆ, ಅರಿಶಿನದ ಭರಣಿ. ಮಡಿಲಲ್ಲಿ ಆಗಷ್ಟೇ ಕಿತ್ತ ಒಂದು ಹಿಡಿ ಅಣ್ಣೆಸೊಪ್ಪು. ಪಂಚನಾಮೆಯಲ್ಲಿ ಸೊಪ್ಪಿನ ಹೆಸರು ಬರೆಯುವ ಪದ್ಧತಿಯೇನೂ ಇಲ್ಲ. ಉಗ್ರಪ್ಪ ಬರೆದ. ಅವಳು ಗಂಡನ ಮನೆಗೆ ವಾಪಸು ಬರುತ್ತಿದ್ದಳು, ಬಂದ ದಿನವೇ ಸಾರು ಮಾಡಬೇಕೆಂದಿದ್ದಳು ಎಂಬುದು ಅಲ್ಲಿದ್ದ ಯಾರಿಗಾದರೂ ತಿಳಿಯುತ್ತಿತ್ತು.

ಜೋಡಿನಳಿಗೆಯ ಕೋವಿ ವೆಂಕಟಲಕ್ಷ್ಮಮ್ಮನವರ ಮನೆಯಲ್ಲಿ ಸಿಕ್ಕಿತು. ಹೊಲದಲ್ಲಿ ಬಿದ್ದಿದ್ದನ್ನು ತಾನೇ ಎತ್ತಿಕೊಂಡು ಬಂದೆ, ಹುಡುಗರ ಕೈಗೆ ಸಿಗಬಾರದಲ್ಲ ಎಂದು ಆಕೆ ಹೇಳಿದಳು. ಅರವತ್ತು ದಾಟಿದ ಹೆಂಗಸು, ಗಟ್ಟಿ ಜೀವ. ಲೈಸೆನ್ಸು ಮಗ ನಂಜುಂಡಪ್ಪನ ಹೆಸರಲ್ಲಿತ್ತು. ಬೆಳೆ ಕಾವಲಿಗೆಂದು ಅದರಲ್ಲಿ ಕೆಂಚಪ್ಪನ ಹೆಸರೂ ಸೇರಿತ್ತು. ಮಗ ಬೆಳಗಿನ ಮೊದಲ ಬಸ್ಸಿಗೇ ಪೇಟೆಗೆ ಹೋಗಿದ್ದ.

ನವೆಂಬರ್ 21ರಂದು ಅದೇ ಹೊಲದಲ್ಲಿ ಕೋವಿಯನ್ನು ಪರೀಕ್ಷೆ ಮಾಡಿದರು. ಗೋಣಿಚೀಲಕ್ಕೆ ಹುಲ್ಲು ತುಂಬಿ, ಹಂದಿಯ ಎತ್ತರಕ್ಕೆ ಬದುವಿನ ಮುಂದೆ ನಿಲ್ಲಿಸಿದರು. ಉಗ್ರಪ್ಪ ಹಿಂದೆ ಮಿಲಿಟರಿಯಲ್ಲಿದ್ದವನು. ಮೂರು ಸಲ ಹೊಡೆದ. ಮೂರು ಸಲವೂ ಚರೆಗಳು ಚೀಲಕ್ಕೂ ಅದರ ಹಿಂದಿನ ಮಣ್ಣಿಗೂ ಬಿದ್ದವು. ಬದುವಿನ ಮೇಲೆ ಒಂದೂ ಹಾರಲಿಲ್ಲ. ಲೈಸೆನ್ಸುದಾರ ನಂಜುಂಡಪ್ಪ ದೂರದಲ್ಲಿ ಕೈಕಟ್ಟಿ ನಿಂತು ನೋಡಿದ.

ಬೇಡಿ ಹಾಕಿ ಕರೆತಂದಿದ್ದ ಕೆಂಚಪ್ಪನೂ ನೋಡಿದ.

"ನೋಡಿದ್ಯಾ? ಕೋವಿ ಗುರಿ ಇಟ್ಟಲ್ಲಿಗೇ ಹೊಡೀತದೆ," ಎಂದರು ಕರಿಬಸಪ್ಪ. "ಹಂದಿಗೆ ಗುರಿ ಇಟ್ಟಿದ್ರೆ ಅವಳಿಗೆ ಹೆಂಗೆ ತಗುಲ್ತು?"

ಕೆಂಚಪ್ಪ ಬೇಡಿ ಹಾಕಿದ ಕೈಯಿಂದ ಚೀಲದ ತೂತುಗಳನ್ನು ಮುಟ್ಟಿ ನೋಡಿದ.

"ಹಂಗಾದ್ರೆ ನಾನೇ ಅವಳಿಗೆ ಹೊಡ್ದಿರ್ಬೇಕು ಸ್ವಾಮಿ. ಬರ್ಕೊಳ್ಳಿ."

ಮೇಲಧಿಕಾರಿಗಳಿಗೆ ಇಷ್ಟು ಸಾಕಾಗಿತ್ತು. ಬೇಗ ಚಾರ್ಜ್‌ಶೀಟ್ ಹಾಕಿ ಎಂದು ಫೋನು ಬಂತು. ಕರಿಬಸಪ್ಪನವರಿಗೆ ಮಾತ್ರ ಆ 'ಹೊಡ್ದಿರ್ಬೇಕು' ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಚಿತ್ರದುರ್ಗದ ಕಡೆ, ಶಿವಮೊಗ್ಗದ ಕಡೆ ಎಷ್ಟೋ ಕೊಲೆಗಾರರನ್ನು ಕಂಡವರು ಅವರು. ಹೊಡೆದೆ ಎನ್ನುವವರಿದ್ದರು, ಇಲ್ಲವೇ ಇಲ್ಲ ಎಂದು ಆಣೆ ಹಾಕುವವರಿದ್ದರು. ಹೊಡೆದಿರಬೇಕು ಎಂದವನು ಇವನೊಬ್ಬನೇ. ಅದೂ ಅಲ್ಲದೆ ಹಂದಿ ಬಂದಿದ್ದಂತೂ ಸುಳ್ಳಲ್ಲ, ಗೊರಸಿನ ಗುರುತನ್ನು ಅವರೇ ಕಂಡಿದ್ದರು.

ನವೆಂಬರ್ 29ರ ಮಧ್ಯಾಹ್ನ, ಕೋವಿಯನ್ನು ಸೀಲು ಮಾಡಿ ಕೋರ್ಟಿಗೆ ಕಳಿಸಲು ಬಟ್ಟೆ ಸುತ್ತುತ್ತಿದ್ದರು. ಕಿಟಕಿಯ ಬಿಸಿಲಿಗೆ ಅದರ ಮರದ ಹಿಡಿ ಹೊಳೆಯಿತು. ಕೆನ್ನೆ ತಾಗುವ ಜಾಗದಲ್ಲಿ ಮಾತ್ರ ಹೊಳಪು ಮಂಕಾಗಿತ್ತು. ಅಡ್ಡಕ್ಕೆ ಮೂರು ಕಡೆ ದಾರ ಬಿಗಿದು ಉಜ್ಜಿದ ಗೆರೆಗಳಿದ್ದವು. ಕರಿಬಸಪ್ಪ ಹೆಬ್ಬೆರಳಿನಿಂದ ಸವರಿದರು. ಅಂಟು ಅಂಟಾದ ಮೇಣ, ಅದರಲ್ಲಿ ಕಂಬಳಿಯ ಒಂದೆರಡು ಕರಿ ಎಳೆ.

ಅವರು ಕೋವಿ ಹಿಡಿದುಕೊಂಡೇ ಲಾಕಪ್ಪಿನ ಬಳಿಗೆ ಹೋದರು.

"ಕೆಂಚಪ್ಪ, ಇಲ್ಲಿ ಏನಾದ್ರೂ ಕಟ್ಟಿತ್ತಾ?"

"ಮೆತ್ತೆ ಇತ್ತಲ್ಲ ಸ್ವಾಮಿ. ಯಜಮಾನ್ರು ಕೆನ್ನೆಗೆ ಅಂತ ಕಟ್ಕೊಂಡಿದ್ದು."

"ಅವತ್ತು ಇತ್ತಾ?"

"ಇತ್ತು."

"ಇಷ್ಟು ದಿನ ಯಾಕಯ್ಯಾ ಹೇಳ್ಲಿಲ್ಲ?"

"ಅದ್ರಿಂದ ಏನಾಯ್ತದೆ ಸ್ವಾಮಿ? ಮೆತ್ತೆ ತಾನೇ."

ನಾಲ್ಕು ಗಂಟೆಗೆ ಜೀಪು ಉಲ್ಲಾಳದಲ್ಲಿತ್ತು. ನಂಜುಂಡಪ್ಪ ಜಗಲಿಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು, ಹನ್ನೊಂದು ದಿನದಲ್ಲಿ ಮನುಷ್ಯ ಅರ್ಧವಾಗಿದ್ದ. ಇನ್ಸ್‌ಪೆಕ್ಟರ ಕೈಯಲ್ಲಿದ್ದ ಕೋವಿಯನ್ನು ನೋಡಿ ತಾನಾಗಿಯೇ ಎದ್ದು ನಿಂತ.

"ಮೆತ್ತೆ ಯಾಕೆ ಕಟ್ಟಿದ್ರಿ?"

"ಪೇಟೆ ಕ್ಲಬ್ಬಲ್ಲಿ ಮಣ್ಣಿನ ಬಿಲ್ಲೆ ಹಾರಿಸ್ತಾರೆ ಸಾರ್. ಗುಂಡಿಯಿಂದ ಚಿಮ್ಮಿ ಮೇಲೇರ್ತಾ ದೂರ ಹೋಗುತ್ತೆ. ಅದನ್ನ ಹೊಡೆದು ಒಡೀಬೇಕು. ನಮ್ಮ ಹೊಲದ ಕೋವಿ ನೆಟ್ಟಗೆ ಹೊಡೆಯುತ್ತೆ, ಅಷ್ಟರಲ್ಲಿ ಬಿಲ್ಲೆ ಮೇಲೆ ಹೋಗಿರುತ್ತೆ. ಕೆನ್ನೆಯ ಕೆಳಗೆ ಅರ್ಧ ಅಂಗುಲ ಎತ್ತರ ಕೊಟ್ರೆ ಕಣ್ಣೂ ಎತ್ತರಕ್ಕೆ ಬರುತ್ತೆ, ಏಟು ಮೇಲಕ್ಕೆ ಬೀಳುತ್ತೆ. ಅಲ್ಲಿ ಬರೋರ ಹತ್ರ ಅದಕ್ಕಂತಲೇ ಮಾಡಿಸಿದ ಸೀಮೆ ಕೋವಿ ಇದೆ. ನನ್ನ ಹತ್ರ ಇದೊಂದೇ, ಕಾವಲಿಗೂ ಇದೇ ಬೇಕು. ಅದಕ್ಕೆ ಕಟ್ಟಿ ಬಿಚ್ಚೋ ಹಂಗೆ ಮೆತ್ತೆ ಮಾಡಿಸ್ದೆ."

"ಯಾರ ಕೈಲಿ?"

ನಂಜುಂಡಪ್ಪ ಒಳಬಾಗಿಲ ಕಡೆ ನೋಡಿದ. "ಅಮ್ಮ ಹೊಲಿದ್ಲು."

"ಪ್ರತಿ ಸಲ ಬಿಚ್ಚಿ ಇಡ್ತಿದ್ರಾ?"

"ಇಡ್ತಿದ್ದೆ ಸಾರ್. ಹಿಂದಿನ ದಿನ, ಭಾನುವಾರ, ಇಪ್ಪತ್ತೈದರಲ್ಲಿ ಇಪ್ಪತ್ತೊಂದು ಬಿಲ್ಲೆ ಒಡೆದೆ. ಯಾವತ್ತೂ ಅಷ್ಟು ಒಡೆದಿರಲಿಲ್ಲ. ಖುಷೀಲಿ ಮನೆಗೆ ಬಂದು ಹಂಗೇ ಗೋಡೆಗೆ ತೂಗುಹಾಕ್ಬಿಟ್ಟೆ. ರಾತ್ರಿ ಕೆಂಚಪ್ಪ ಅದನ್ನೇ ಕಾವಲಿಗೆ ತಗೊಂಡು ಹೋದ."

"ನಾವು ಹೊಲದಲ್ಲಿ ಹೊಡೆದು ನೋಡಿದಾಗ ನೀವು ಅಲ್ಲೇ ಇದ್ರಿ. ಮೆತ್ತೆ ಇರಲಿಲ್ಲ. ಯಾರು ತೆಗೆದ್ರು ಅಂತ ಅಮ್ಮನ್ನ ಕೇಳ್ಲಿಲ್ವಾ?"

"ಕೇಳಿದ್ರೆ ಹೇಳ್ಬಿಡ್ತಾಳೆ ಅಂತ ಕೇಳ್ಲಿಲ್ಲ ಸಾರ್."

ಒಳಗಿನಿಂದ ವೆಂಕಟಲಕ್ಷ್ಮಮ್ಮ ಬಂದಳು. ಕೈಯಲ್ಲಿ ತಲೆದಿಂಬು ಇತ್ತು. ಜಗಲಿಯ ಮೇಲೆ ಕೂತು ಅದರ ಒಂದು ಅಂಚಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಬೂರುಗದ ಹತ್ತಿಯೊಳಗಿಂದ ಮೆತ್ತೆ ಹೊರಬಂತು. ಕಂಬಳಿ ಪಟ್ಟಿಗಳನ್ನು ಒಂದರ ಮೇಲೊಂದು ಮಡಿಸಿ, ಮೇಲೆ ತೊಗಲು ಹೊದಿಸಿ, ಮೇಣದ ದಾರದಲ್ಲಿ ಒತ್ತಾಗಿ ಹೊಲಿದದ್ದು. ಹೊಲಿಗೆ ಬಹಳ ಚೆನ್ನಾಗಿತ್ತು.

"ಸುಡೋಣ ಅಂದ್ಕೊಂಡೆ. ತೊಗಲು ಸುಟ್ರೆ ಊರಿಗೆಲ್ಲಾ ನಾತ ಹೊಡೀತದೆ."

ಬೆಳಕಿರುವಾಗಲೇ ಉಗ್ರಪ್ಪ ಮೆತ್ತೆ ಕಟ್ಟಿ, ಅದೇ ಗೋಣಿಚೀಲಕ್ಕೆ ಗುರಿಯಿಟ್ಟು ಹೊಡೆದ. ಚೀಲ ಅಲುಗಲಿಲ್ಲ. ಬದುವಿನ ಆಚೆ, ಒಂದು ಮೊಳ ಮೇಲೆ, ಕೋಲಿಗೆ ಕಟ್ಟಿದ್ದ ಬಿಳಿ ಬಟ್ಟೆ ತೂತಾಯಿತು. ಮುನಿತಾಯಮ್ಮ ಕೂತಿದ್ದ ಜಾಗದಲ್ಲೇ ಆ ಕೋಲನ್ನು ನೆಟ್ಟಿದ್ದರು. ಪಂಚರು ಸಹಿ ಹಾಕಿದರು.

ಜಗಲಿಗೆ ವಾಪಸು ಬಂದು ಕರಿಬಸಪ್ಪ ಆಕೆಯ ಹೇಳಿಕೆ ತೆಗೆದುಕೊಂಡರು.

"ಈಡಿನ ಸದ್ದು ಕೇಳಿ ನಾನೇ ಮೊದ್ಲು ಓಡ್ದೆ ಸ್ವಾಮಿ. ಅವ್ನು ಹೆಂಡ್ತೀನ ತಬ್ಕೊಂಡು ಕೂತಿದ್ದ. ಕೋವಿ ಬಿದ್ದಿತ್ತು, ಮೆತ್ತೆ ಹಂಗೇ ಇತ್ತು. ನೋಡಿದ ತಕ್ಷಣ ನಂಗೆ ತಿಳೀತು. ಹೊಲೀವಾಗ ನನ್ ಮಗ ಹೇಳಿದ್ದ, ಇದನ್ನ ಕಟ್ಟಿದ್ರೆ ಏಟು ಒಂದು ಮೊಳ ಮೇಲಕ್ಕೆ ಹೋಗುತ್ತೆ ಕಣಮ್ಮ ಅಂತ. ಇದು ನನ್ ಮಗನ ತಲೆಗೆ ಬರ್ತದೆ ಅಂತ ಬಿಚ್ಚಿ ಮಡಿಲಿಗೆ ಹಾಕ್ಕೊಂಡೆ."

"ಮೆತ್ತೆ ಇಲ್ದಿದ್ರೆ ಕೆಂಚಪ್ಪ ಗಲ್ಲಿಗೆ ಹೋಗ್ತಾನೆ ಅಂತ ಗೊತ್ತಿರಲಿಲ್ವಾ?"

ಆಕೆ ಬಿಚ್ಚಿದ ದಿಂಬನ್ನು ಮಡಿಲಿಗೆ ಎಳೆದುಕೊಂಡಳು.

"ಗೊತ್ತಿತ್ತು. ಹೆಂಡ್ತಿ ಸತ್ಲು, ಮಕ್ಕಳಿಲ್ಲ. ಅವನಿಗೆ ಇನ್ನೇನು ಉಳಿದಿತ್ತು ಸ್ವಾಮಿ? ನಂಗೆ ಇವನೊಬ್ಬ ಇದ್ದ."

ಆಕೆ ಹೆತ್ತ ನಾಲ್ವರಲ್ಲಿ ಮೂವರು ಪ್ಲೇಗಿಗೂ ಜ್ವರಕ್ಕೂ ಹೋಗಿದ್ದರು. ಉಳಿದ ಒಬ್ಬನನ್ನು ಗಂಡನಿಲ್ಲದೆ ಸಾಕಿದ್ದಳು. ಕರಿಬಸಪ್ಪ ಪೆನ್ನು ಕೆಳಗಿಟ್ಟರು.

"ನಿಮ್ಮ ಮಗನಿಗೆ ಗಲ್ಲಾಗ್ತಿರಲಿಲ್ಲ ಅಮ್ಮ. ಜೈಲೂ ಆಗ್ತಿರಲಿಲ್ಲ. ಹೆಚ್ಚಂದ್ರೆ ಲೈಸೆನ್ಸ್ ಹೋಗ್ತಿತ್ತು."

ವೆಂಕಟಲಕ್ಷ್ಮಮ್ಮ ಅವರ ಮುಖವನ್ನೇ ನೋಡಿದಳು. "ಅದನ್ನ ನಂಗೆ ಯಾರು ಹೇಳ್ಬೇಕಿತ್ತು?"

ಸಂಜೆ ಆರು ಗಂಟೆಗೆ, ಸಾಕ್ಷ್ಯ ನಾಶದ ಆರೋಪದ ಮೇಲೆ, ಕಲಂ 201ರಡಿ ಆಕೆಯ ದಸ್ತಗಿರಿಯಾಯಿತು. ಮಗ ಜೀಪಿನ ಹಿಂದೆ ಊರಬಾಗಿಲವರೆಗೂ ಓಡಿಬಂದ. ಆಕೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದಳೋ ಏನೋ.

ಕೆಂಗೇರಿ ಠಾಣೆಯಲ್ಲಿ ಹೆಂಗಸರಿಗೆಂದು ಬೇರೆ ಕೋಣೆ ಇರಲಿಲ್ಲ. ಆಕೆಯನ್ನು ಗೋಡೆಗೆ ಒರಗಿದ ಬೆಂಚಿನ ಮೇಲೆ ಕೂರಿಸಿದರು. ಲಾಕಪ್ಪಿನೊಳಗಿದ್ದ ಕೆಂಚಪ್ಪ ಅಮ್ಮಾವರನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತು ಕೈ ಮುಗಿದ. ಯಾಕೆ ಬಂದರೆಂದು ಅವನಿಗೆ ತಿಳಿಯಲಿಲ್ಲ.

ಕರಿಬಸಪ್ಪ ಕಂಬಿಯ ಬಳಿ ನಿಂತು ಅವನಿಗೆ ಎಲ್ಲವನ್ನೂ ಹೇಳಿದರು, ನಿಧಾನವಾಗಿ, ಎರಡು ಸಲ. ನಾಳೆ ಕೋರ್ಟಿಗೆ ವರದಿ ಕೊಟ್ಟು ಬಿಡಿಸುತ್ತೇನೆ ಎಂದರು. ಬಿಡುಗಡೆಯ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹಂಗಾದ್ರೆ ನಾನು ಹಂದಿಗೇ ಗುರಿ ಇಟ್ಟಿದ್ದು ದಿಟಾನಾ ಸ್ವಾಮಿ?"

"ದಿಟ."

"ನಾನು ಅವಳನ್ನ ನೋಡಿರ್ಲಿಲ್ಲ?"

"ನೋಡಿರ್ಲಿಲ್ಲ ಕಣಯ್ಯಾ."

"ಎಲ್ರೂ ಹೇಳಿ ಹೇಳಿ... ಆ ಚೀಲಕ್ಕೆ ಹೊಡೆದ ಮೇಲೆ ನಂಗೂ ಅನ್ನಿಸ್ಬಿಟ್ಟಿತ್ತು. ಸಿಟ್ಟಲ್ಲಿ ನೋಡಿಯೇ ಹೊಡೆದ್ನೇನೋ, ನನಗೇ ನೆನಪಿಲ್ವೇನೋ ಅಂತ."

ಹನ್ನೊಂದು ದಿನ ಒಂದು ಹನಿ ಕಣ್ಣೀರು ಹಾಕದವನು ಕಂಬಿಗೆ ಹಣೆಯಿಟ್ಟು, ಹೆಂಡತಿಯ ಹೆಸರು ಹಿಡಿದು ಅಳತೊಡಗಿದ. ಅವಳನ್ನು ತಾನು ಬೇಕೆಂದು ಕೊಂದಿಲ್ಲ ಎಂದು ಗೊತ್ತಾದ ಮೇಲೆಯೇ ಅವನಿಗೆ ಅವಳಿಗಾಗಿ ಅಳಲು ಸಾಧ್ಯವಾಯಿತು. ಅವನಿಗೆ ಇನ್ನೇನು ಉಳಿದಿತ್ತು ಎಂದು ಕೇಳಿದ್ದ ಹೆಂಗಸು ಬೆಂಚಿನ ಮೇಲೆ ಕೂತು ಅದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದಳು.